ಜಿಂಕೆಗೆ ಯಾವ ಕೋವಿ, ಹಂದಿಗೆ ಯಾವ ತೋಟಾ?

ಮೈಸೂರು: ಮೇಲಿನ ಪ್ರಶ್ನೆಯನ್ನು ನಗರದ ಯಾವುದಾದರೂ ಹಳೇ ಶಿಕಾರಿ ಮನೆತನದ ಪಡಸಾಲೆಯಲ್ಲಿ ಎತ್ತಿ ನೋಡಿ. ಮುಂದಿಟ್ಟ ಕಾಫಿ ಆರಿ ತಣ್ಣಗಾಗುವವರೆಗೆ ಮಾತು ನಿಲ್ಲುವುದಿಲ್ಲ. ಹನ್ನೆರಡು ಬೋರಿನ ಜೋಡುನಳಿಗೆ ಇದ್ದರೆ ಯಾತಕ್ಕೂ ಸಾಕು ಎನ್ನುವವರು ಒಂದು ಪಕ್ಷ. ‘ಕಡವೆಗೆ ಚರೆ ಹೊಡೀತಾರೇನ್ರೀ, ರೈಫಲ್ಲೇ ಬೇಕು’ ಎನ್ನುವವರು ಇನ್ನೊಂದು ಪಕ್ಷ. ಗೋಡೆಯ ಮೇಲಿನ ಕೊಂಬು ಮಾತ್ರ ಯಾರ ಕಡೆಗೂ ಸೇರದೆ ಕೇಳಿಸಿಕೊಳ್ಳುತ್ತಿರುತ್ತದೆ.

ಕಾನೂನು ಈ ಜಗಳವನ್ನು 1991ರಲ್ಲೇ ತೀರ್ಮಾನ ಮಾಡಿಬಿಟ್ಟಿದೆ. ಜಿಂಕೆಗೆ ಯಾವ ಕೋವಿಯೂ ಇಲ್ಲ, ಯಾವ ತೋಟಾನೂ ಇಲ್ಲ. ಬೇಟೆಗೆ ಲೈಸೆನ್ಸು ಕೊಡುವ ಪದ್ಧತಿಯೇ ಆ ವರ್ಷದ ತಿದ್ದುಪಡಿಯಲ್ಲಿ ಹೋಯಿತು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಮುಗಿದಿಲ್ಲ. ಯಾಕೆಂದರೆ ನಗರದಿಂದ ಬಸ್ಸು ಹತ್ತಿ ಹೆಗ್ಗಡದೇವನಕೋಟೆ ಕಡೆಗೋ ಗುಂಡ್ಲುಪೇಟೆ ಕಡೆಗೋ ಒಂದೆರಡು ಗಂಟೆ ಹೋದರೆ, ರಾತ್ರಿ ಹೊಲ ಕಾಯುವ ರೈತನ ಕೈಯಲ್ಲಿ ಕೋವಿ ಇವತ್ತಿಗೂ ಇದೆ. ಎದುರಿಗೆ ಹಂದಿಯೂ ಇದೆ. ಶ್ರೀಮಂತರ ಶಿಕಾರಿ ಹೋಯಿತು, ಪ್ರಶ್ನೆ ಬಡವನ ಕೈಯಲ್ಲಿ ಉಳಿಯಿತು.

ಹನ್ನೆರಡು ಅಂದರೆ ಏನು?

ಕೋವಿಯ ಲೆಕ್ಕ ಗೊತ್ತಿಲ್ಲದವರಿಗೆ ಮೊದಲು ಇದನ್ನು ಹೇಳಿಬಿಡಬೇಕು. ಒಂದು ಪೌಂಡು ಸೀಸ ತೆಗೆದುಕೊಂಡು ಸಮನಾಗಿ ಹನ್ನೆರಡು ಗುಂಡು ಕಟ್ಟಿದರೆ, ಅದರಲ್ಲಿ ಒಂದು ಗುಂಡು ಸರಿಯಾಗಿ ಕೂರುವ ನಳಿಗೆಯೇ ಹನ್ನೆರಡು ಬೋರು. ಹಾಗಾಗಿ ಬೋರಿನ ಸಂಖ್ಯೆ ಇಳಿದಷ್ಟೂ ನಳಿಗೆ ದಪ್ಪ. ಈ ನಳಿಗೆಯ ಒಳಮೈ ನುಣುಪು. ರೈಫಲಿನ ನಳಿಗೆಯಲ್ಲಿ ಹಾಗಲ್ಲ, ಒಳಗೆ ತಿರುಚಿದ ಗೀರುಗಳಿರುತ್ತವೆ. ಗುಂಡು ಬುಗುರಿಯ ಹಾಗೆ ಸುತ್ತುತ್ತಾ ಹೊರಟು ದೂರದವರೆಗೂ ನೇರ ಹೋಗುತ್ತದೆ. ರೈಫಲಿನ ಸಂಖ್ಯೆ ಇಂಚಿನ ಲೆಕ್ಕದ್ದು: .375 ಎಂದರೆ ನಳಿಗೆಯ ಅಡ್ಡಳತೆ ಇಂಚಿನ ಸಾವಿರದಲ್ಲಿ 375 ಭಾಗ.

ನುಣುಪು ನಳಿಗೆಗೆ ಹಾಕುವ ತೋಟಾದಲ್ಲಿ ಸಾಮಾನ್ಯವಾಗಿ ಇರುವುದು ಚರೆ. ಹಕ್ಕಿಗೆ ಸಣ್ಣ ಚರೆ, ನೂರಾರು ಕಾಳು. ದೊಡ್ಡ ಪ್ರಾಣಿಗೆಂದು ಎಲ್.ಜಿ., ಎಸ್.ಜಿ. ಎನ್ನುವ ದಪ್ಪ ಚರೆ, ತೋಟಾ ಒಂದಕ್ಕೆ ಬೆರಳೆಣಿಕೆಯಷ್ಟೇ. ಮೂವತ್ತು ಗಜದೊಳಗೆ ಈ ಎಂಟೊಂಬತ್ತು ಚರೆ ಒಟ್ಟಾಗಿ ಬಿದ್ದರೆ ಚುಕ್ಕೆ ಜಿಂಕೆ ಅಲ್ಲೇ ಮಲಗುತ್ತದೆ. ಐವತ್ತು ಗಜಕ್ಕೆ ಹೋದರೆ ಚರೆ ಹರಡಿಕೊಂಡು ಒಂದು ಹೊಟ್ಟೆಗೆ, ಒಂದು ತೊಡೆಗೆ, ಮಿಕ್ಕಿದ್ದು ಲಂಟಾನ ಪೊದೆಗೆ. ಜಿಂಕೆ ಓಡುತ್ತದೆ. ಹೊಡೆದವನು ‘ತಪ್ಪಿತು’ ಅಂತ ಮನೆಗೆ ಬರುತ್ತಾನೆ. ತಪ್ಪಿರುವುದಿಲ್ಲ. ಎರಡು ದಿನದ ನಂತರ ಹದ್ದು ಸುತ್ತಿದಾಗ ಊರಿಗೆ ಗೊತ್ತಾಗುತ್ತದೆ.

ಕೋವಿ ಆರಿಸುವ ವಿದ್ಯೆಯೆಲ್ಲ ಹುಟ್ಟಿದ್ದು ಈ ಒಂದು ಭಯದಿಂದ: ಹೊಡೆತ ತಿಂದ ಪ್ರಾಣಿ ಸಾಯದೆ ಹೋದರೆ?

ಮೈಸೂರು ಕಾಡಿನ ಲೆಕ್ಕ

ಇಂಗ್ಲಿಷ್ ಪುಸ್ತಕ ಓದಿ ಕೋವಿ ಕೊಂಡವರು ಮೈಸೂರು ಕಾಡಿನಲ್ಲಿ ಬೇಸ್ತು ಬೀಳುವುದು ಸಹಜವಾಗಿತ್ತು. ಬೆಟ್ಟದ ಬಯಲಿನಲ್ಲಿ ಮುನ್ನೂರು ಗಜದಾಚೆಯ ಕುರಿಗೆ ಗುರಿಯಿಡಲು ತಯಾರಾದ ರೈಫಲು ಇಲ್ಲಿ ಯಾತಕ್ಕೆ? ಬಂಡೀಪುರ, ಕಾಕನಕೋಟೆ, ಬಿಳಿಗಿರಿರಂಗನ ಬೆಟ್ಟದ ತಪ್ಪಲು ಎಲ್ಲ ಹಳುವಿನ ಕಾಡು. ಪ್ರಾಣಿ ಕಾಣುವುದೇ ಐವತ್ತು ಅರವತ್ತು ಗಜದಲ್ಲಿ, ಅದೂ ಅರ್ಧ ಮೈ. ನಡುವೆ ಬಿದಿರಿನ ಕಡ್ಡಿ ಒಂದು ಅಡ್ಡ ಬಂದರೆ ಹಗುರ ಗುಂಡು ದಾರಿ ಬಿಟ್ಟಿತು ಅಂತಲೇ ಲೆಕ್ಕ. ಇಲ್ಲಿ ಬೇಕಾದದ್ದು ವೇಗಕ್ಕಿಂತ ತೂಕ.

ಪ್ರಾಣಿಯ ಗಾತ್ರವೂ ಒಂದೇ ಸಮ ಇಲ್ಲ. ಕಾಡುಕುರಿ ಇಪ್ಪತ್ತು ಇಪ್ಪತ್ತೈದು ಕಿಲೋ. ಹಳ್ಳಿಗರು ಸಾರಗ ಎನ್ನುವ ಚುಕ್ಕೆ ಜಿಂಕೆಯ ಗಂಡು ಎಪ್ಪತ್ತರಿಂದ ತೊಂಬತ್ತು ಕಿಲೋ. ಕಡವೆಯ ಹೋರಿ ಇನ್ನೂರು ಕಿಲೋ ದಾಟುತ್ತದೆ. ಕಾಟಿಯೋ, ಮುಕ್ಕಾಲು ಟನ್ನಿಗೆ ಕಡಿಮೆ ಇಲ್ಲದ ಗುಡ್ಡ. ‘ಜಿಂಕೆಗೊಂದು ರೈಫಲ್ ಹೇಳಿ’ ಎಂದು ಒಂದೇ ಉಸಿರಿಗೆ ಕೇಳಿದರೆ, ಸಂತೆಯಲ್ಲಿ ‘ಊರಿಗೆಲ್ಲ ಒಂದೇ ಅಳತೆಯ ಚಪ್ಪಲಿ ಕೊಡಿ’ ಅಂದ ಹಾಗೆ.

ಮೈಸೂರು ಸಂಸ್ಥಾನದಲ್ಲಿ ಖೆಡ್ಡಾ ನಡೆಸಿ ಹೆಸರಾದ ಜಿ.ಪಿ. ಸ್ಯಾಂಡರ್ಸನ್ ಸಾಹೇಬ ಈ ತೂಕದ ವಾದವನ್ನು ತುದಿಗೇ ಮುಟ್ಟಿಸಿದವನು. 1878ರಲ್ಲಿ ಅಚ್ಚಾದ ತನ್ನ ಪುಸ್ತಕದಲ್ಲಿ ಆನೆಗೆ ನಾಲ್ಕು ಬೋರಿನ ಕೋವಿ ಹಿಡಿದ ಕಥೆ ಬರೆದಿದ್ದಾನೆ. ನಾಲ್ಕು ಬೋರು ಎಂದರೆ ಒಂದೊಂದು ಗುಂಡೂ ಕಾಲು ಪೌಂಡು. ಕೋವಿಯ ತೂಕ ಸುಮಾರು ಹತ್ತೊಂಬತ್ತು ಪೌಂಡು, ಅಂದರೆ ಎಂಟೂವರೆ ಕಿಲೋ ಮೇಲೆ. ಹೊಡೆದರೆ ಆನೆ ಬೀಳುವುದೋ ಹೊಡೆದವನು ಬೀಳುವುದೋ ಎನ್ನುವ ಹಾಗೆ. ಕರಿಮದ್ದಿನ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ; ವೇಗ ಬರುತ್ತಿರಲಿಲ್ಲವಾದ್ದರಿಂದ ತೂಕವನ್ನೇ ಹೇರಬೇಕಿತ್ತು.

ಹೊಗೆಯಿಲ್ಲದ ಮದ್ದು ಬಂದ ಮೇಲೆ ಲೆಕ್ಕ ಬದಲಾಯಿತು. ಅಷ್ಟರಲ್ಲಿ ಬ್ರಿಟಿಷ್ ಸರ್ಕಾರ ಇನ್ನೊಂದು ಕಡ್ಡಿ ಆಡಿಸಿತು. ದಂಡಿನ ಬಂದೂಕಿಗೆ ಹೊಂದುವ ಗುಂಡು ಜನರ ಕೈಗೆ ಸಿಗಬಾರದು ಅಂತ 1907ರ ಸುಮಾರಿಗೆ ಇಂಡಿಯಾಕ್ಕೆ .450 ಅಳತೆಯ ರೈಫಲು ತರುವುದನ್ನು ನಿಲ್ಲಿಸಿತು. ಲಂಡನ್ನಿನ ಕೋವಿ ಕಮ್ಮಾರರು ಸುಮ್ಮನಿರುತ್ತಾರೆಯೇ? ಕೂದಲೆಳೆ ದಪ್ಪ ಮಾಡಿ .465, .470, .475 ಅಂತ ಹೊಸ ಹೊಸ ಅಳತೆ ತಂದರು. ದೊಡ್ಡ ಪ್ರಾಣಿಗೆ .470 ಹೆಸರುವಾಸಿಯಾದದ್ದರ ಹಿಂದೆ ಕಾಡಿಗಿಂತ ಕಚೇರಿಯ ಕೈವಾಡವೇ ಹೆಚ್ಚು. 1912ರಲ್ಲಿ ಬಂದ .375ರ ಗುಂಡು 300 ಗ್ರೇನ್, ಸುಮಾರು ಹತ್ತೊಂಬತ್ತು ಗ್ರಾಂ. ಕಡವೆಗೂ ಆಯಿತು, ಹುಲಿಗೂ ಆಯಿತು, ಕೈ ನಿಂತರೆ ಕಾಟಿಗೂ ಆಯಿತು. ಒಂದೇ ರೈಫಲಿಗೆ ದುಡ್ಡಿರುವವನು ಇದನ್ನೇ ಕೊಳ್ಳಬೇಕು ಎನ್ನುವುದು ಪ್ರಪಂಚದ ಶಿಕಾರಿಗಳೆಲ್ಲ ಹೆಚ್ಚುಕಮ್ಮಿ ಒಪ್ಪಿದ ಮಾತು.

ಇಷ್ಟೆಲ್ಲ ಇದ್ದರೂ ಜಿಮ್ ಕಾರ್ಬೆಟ್ ಹೆಚ್ಚಾಗಿ ನೆಚ್ಚಿದ್ದು ಹಗುರವಾದ .275 ರಿಗ್ಬಿಯನ್ನು. ಚಂಪಾವತದ ನರಭಕ್ಷಕಿಯನ್ನು 1907ರಲ್ಲಿ ಕೊಂದದ್ದಕ್ಕೆ ಅವನಿಗೆ ಬಂದ ಬಹುಮಾನ ಅದು. ಬೆಂಗಳೂರಿನ ಕೆನೆತ್ ಆಂಡರ್ಸನ್ ಕೈಯಲ್ಲಿ .405 ವಿಂಚೆಸ್ಟರ್. ತೇಜಸ್ವಿಯವರ ಕನ್ನಡದಲ್ಲಿ ಇವರಿಬ್ಬರನ್ನೂ ಓದಿ ಬೆಳೆದ ಮೈಸೂರಿನ ಹುಡುಗರಿಗೆ ಈ ನಂಬರುಗಳು ಬಾಯಿಪಾಠ. ಆದರೆ ಆ ಕಥೆಗಳಲ್ಲಿ ಇನ್ನೊಂದು ಸಂಗತಿಯೂ ಇದೆ, ಅದನ್ನು ಹುಡುಗರು ಹಾರಿಸಿಬಿಡುತ್ತಾರೆ. ಹುಲಿಯೋ ಚಿರತೆಯೋ ನರಭಕ್ಷಕ ಆದದ್ದು ಯಾಕೆ ಎಂದು ಕೊನೆಗೆ ಹುಡುಕಿದರೆ ಎಷ್ಟೋ ಸಲ ಸಿಗುವುದು ಹಳೆಯ ಗಾಯ. ಯಾವನೋ ಕೇಪಿನ ಕೋವಿಯಿಂದ ಹಾರಿಸಿದ ಚರೆ ಕಾಲಿನಲ್ಲೇ ಉಳಿದು, ಓಡಲಾರದ ಪ್ರಾಣಿ ಮನುಷ್ಯರ ಮೇಲೆ ಬಿದ್ದದ್ದು.

ನಜರ್‌ಬಾದಿನ ಸಾಕ್ಷಿ

ಶಿಕಾರಿಯ ಬಾಯಿ ಸುಳ್ಳು ಹೇಳಬಹುದು, ಚರ್ಮ ಹೇಳುವುದಿಲ್ಲ. ಎಲ್ಲಿ ಹೊಡೆದ, ಎಷ್ಟು ಸಲ ಹೊಡೆದ ಎಂಬುದಕ್ಕೆ ತೂತುಗಳೇ ರಶೀದಿ. ಇಂಡಿಯಾದ ಮೂಲೆ ಮೂಲೆಯಿಂದ ಈ ರಶೀದಿಗಳು ಬಂದು ಬೀಳುತ್ತಿದ್ದದ್ದು ನಮ್ಮ ಮೈಸೂರಿಗೇ, ನಜರ್‌ಬಾದಿನ ವಾನ್ ಇಂಗೆನ್ ಕಾರ್ಖಾನೆಗೆ. 1900ರ ಸುಮಾರಿಗೆ ಯೂಜೀನ್ ವಾನ್ ಇಂಗೆನ್ ಶುರುಮಾಡಿ, ಆಮೇಲೆ ಮಕ್ಕಳು ನಡೆಸಿ, 1999ರಲ್ಲಿ ಬಾಗಿಲು ಹಾಕಿದ ಸಂಸ್ಥೆ ಅದು. ಅಲ್ಲಿ ಹದವಾಗಿ, ಒಳಗೆ ಅಚ್ಚು ತುಂಬಿಸಿಕೊಂಡು ಹೊರಟ ಹುಲಿ ಚಿರತೆಗಳೇ ನಲವತ್ತು ಸಾವಿರದ ಮೇಲೆ ಎಂಬ ಅಂದಾಜಿದೆ. ಮನೆತನದ ಕೊನೆಯ ಕುಶಲಿ ಜೂಬರ್ಟ್ ವಾನ್ ಇಂಗೆನ್ 2013ರಲ್ಲಿ ನೂರು ವರ್ಷ ತುಂಬಿ ತೀರಿಕೊಂಡರು. ನಲವತ್ತು ಸಾವಿರ ಎಂಬ ಅಂಕಿಯನ್ನು ಒಂದು ಸಲ ನಿಧಾನವಾಗಿ ಓದಬೇಕು. ಕೋವಿ ಸರಿಯೋ ತೋಟಾ ಸರಿಯೋ ಎನ್ನುವ ಚರ್ಚೆ ನಡೆದೇ ಇತ್ತು, ಕಾಡು ಖಾಲಿಯಾಗುವುದೂ ನಡೆದೇ ಇತ್ತು.

ಅರಮನೆಯಲ್ಲೂ ಶಿಕಾರಿ ಇತ್ತು, ಅದರಲ್ಲಿ ಮುಚ್ಚಿಡುವಂಥದ್ದೇನಿಲ್ಲ. ಆದರೆ 1931ರಲ್ಲಿ ಬಂಡೀಪುರದ ತೊಂಬತ್ತು ಚದರ ಕಿಲೋಮೀಟರನ್ನು ಪ್ರಾಣಿಗಳಿಗೆ ಬಿಟ್ಟದ್ದೂ, 1941ರಲ್ಲಿ ಅದನ್ನು ಎಂಟುನೂರಕ್ಕೆ ಹಿಗ್ಗಿಸಿ ವೇಣುಗೋಪಾಲ ವನ್ಯಧಾಮ ಎಂದದ್ದೂ ಇದೇ ಸಂಸ್ಥಾನ. ಸ್ವತಃ ಶಿಕಾರಿ ಬಲ್ಲವರಾಗಿದ್ದ ಜಯಚಾಮರಾಜ ಒಡೆಯರು 1952ರಲ್ಲಿ ಭಾರತದ ವನ್ಯಜೀವಿ ಮಂಡಳಿಯ ಮೊದಲ ಅಧ್ಯಕ್ಷರಾದರು.

ಕಾಯಿದೆಗೂ ಗೊತ್ತಿತ್ತು

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬೇಟೆಯನ್ನು ಒಂದೇ ಏಟಿಗೆ ನಿಲ್ಲಿಸಲಿಲ್ಲ. ಸಣ್ಣ ಬೇಟೆ, ದೊಡ್ಡ ಬೇಟೆ, ವಿಶೇಷ ಬೇಟೆ ಅಂತ ಲೈಸೆನ್ಸಿನ ದರ್ಜೆ ಮಾಡಿತು. ಅದರಲ್ಲೊಂದು ನಿಯಮ ಇವತ್ತು ಓದಿದರೆ ಬರೆದವನಿಗೆ ಕಾಡು ಗೊತ್ತಿತ್ತು ಅನ್ನಿಸುತ್ತದೆ. ದೊಡ್ಡ ಪ್ರಾಣಿಗೆ ರೈಫಲು ಬಿಟ್ಟು ಬೇರೇನೂ ಕೂಡದು. ನುಣುಪು ನಳಿಗೆ ಬೇಕೇ ಬೇಕೆಂದರೆ ಲೈಸೆನ್ಸಿನಲ್ಲೇ ಬರೆಸಿಕೊಂಡು ಒಂಟಿ ಗುಂಡು ಹಾಕಬೇಕು. ಚರೆ ಹೊಡೆಯುವಂತಿಲ್ಲ. ರಾತ್ರಿ ಹೊಡೆಯುವಂತಿಲ್ಲ. ಜೀಪಿನಿಂದ ಹೊಡೆಯುವಂತಿಲ್ಲ. ದೀಪ ಬಿಟ್ಟು ಕಣ್ಣು ಕೋರೈಸುವಂತಿಲ್ಲ. ನೀರಿಗೆ ಬಂದದ್ದನ್ನೂ ಉಪ್ಪು ನೆಕ್ಕಲು ಬಂದದ್ದನ್ನೂ ಹೊಡೆಯುವಂತಿಲ್ಲ. 1991ರಲ್ಲಿ ಲೈಸೆನ್ಸಿನ ಜೊತೆ ಈ ನಿಯಮಗಳೂ ಹೋದವು. ಬೇಟೆಯೇ ಇಲ್ಲದ ಮೇಲೆ ಬೇಟೆಯ ಮರ್ಯಾದೆ ಯಾತಕ್ಕೆ ಎಂಬುದು ಸರಿಯಾದ ತರ್ಕ.

ಈಗ ಏನು? ಕಾಯಿದೆಯ ಭಾಷೆಯಲ್ಲಿ ಬೇಟೆ ಎಂದರೆ ಕೊಲ್ಲುವುದು ಮಾತ್ರವಲ್ಲ. ಹಿಡಿಯುವುದು, ಉರುಳು ಹಾಕುವುದು, ವಿಷವಿಡುವುದು, ಇವಕ್ಕೆಲ್ಲ ಯತ್ನಿಸುವುದೂ ಬೇಟೆಯೇ. ಗುರಿ ತಪ್ಪಿದವನು ಕಾಡಿನಲ್ಲಿ ನಗೆಪಾಟಲು, ಕೋರ್ಟಿನಲ್ಲಿ ಆರೋಪಿ. ಅಭಯಾರಣ್ಯದೊಳಗೆ ಜಿಂಕೆ ಹೊಡೆದದ್ದು ಸಾಬೀತಾದರೆ ಕನಿಷ್ಠ 3 ವರ್ಷ, ಹೆಚ್ಚೆಂದರೆ 7 ವರ್ಷ ಜೈಲು, ಜೊತೆಗೆ ದಂಡ. ಕೋವಿಯೂ, ಹೋದ ಗಾಡಿಯೂ ಸರ್ಕಾರದ ಪಾಲು. ಅಭಯಾರಣ್ಯದ ಸುತ್ತ ಹತ್ತು ಕಿಲೋಮೀಟರಿನೊಳಗೆ ಹೊಸದಾಗಿ ಕೋವಿ ಲೈಸೆನ್ಸು ಬೇಕಾದರೆ ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲು ಬೇಕು.

ಕೊಡಗಿನವರ ಕಥೆ ಬೇರೆ, ಮೈಸೂರಿನಲ್ಲಿ ನೆಲೆಸಿದ ಕೊಡವರೂ ಬಹಳ ಮಂದಿ ಇರುವುದರಿಂದ ಹೇಳಬೇಕು. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಕೈಲ್‌ಪೊಳ್ದಿನಲ್ಲಿ ಕೋವಿಗೆ ಪೂಜೆಯಾಗುತ್ತದೆ. ಹಬ್ಬದ ನಂತರ ಹಿಂದೆ ಕಾಡಿಗೆ ಹೋಗುತ್ತಿದ್ದವರು ಈಗ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿಯಿಡುತ್ತಾರೆ. ವಿನಾಯಿತಿ ಇರುವುದು ಕೋವಿ ಇಟ್ಟುಕೊಳ್ಳಲು, ಜಿಂಕೆ ಹೊಡೆಯಲು ಅಲ್ಲ. ಇದನ್ನು ಮರೆತವರು ಕೇಸು ಹಾಕಿಸಿಕೊಂಡಿದ್ದಾರೆ.

ರೈತನಿಗೆ ಸಿಕ್ಕ ಕೋವಿ

ಇಷ್ಟು ಹೊತ್ತಿನ ಪುರಾಣ ಬಂದು ನಿಲ್ಲಬೇಕಾದದ್ದು ಇಲ್ಲಿ. ರಾಗಿ ತೆನೆ ಕಟ್ಟಿದೆ, ಜೋಳ ಹಾಲುಗಾಳಿಗೆ ಬಂದಿದೆ. ಕಾಡಂಚಿನಲ್ಲಿ ಹಳೇ ರೈಲು ಕಂಬಿಯ ತಡೆ ಹಾಕಿದ ಕಡೆ ಆನೆ ನಿಂತೀತು. ಹಂದಿ ಅದರಡಿ ನುಗ್ಗಿ ಬರುತ್ತದೆ. ರಾತ್ರಿ ಒಂದು ಹಿಂಡು ಇಳಿದರೆ ಬೆಳಗಿಗೆ ಹೊಲ ನೇಗಿಲು ಹೊಡೆದ ಹಾಗಿರುತ್ತದೆ. ರೈತ ಕೋವಿ ಕೇಳಿದರೆ ಅದರ ಆಯ್ಕೆ ಅವನದಲ್ಲ. 1959ರ ಶಸ್ತ್ರ ಕಾಯಿದೆಯೇ ಆರಿಸಿ ಇಟ್ಟಿದೆ: ಬೆಳೆ ಕಾಯಲು ಬಾಯಿಂದ ಮದ್ದು ತುಂಬುವ ಕೋವಿ. ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆ ಕೋವಿ.

ಗಮನಿಸಬೇಕಾದದ್ದು ಏನೆಂದರೆ, ದೊಡ್ಡ ಪ್ರಾಣಿಗೆ ಚರೆ ಹೊಡೆಯಬಾರದು ಎಂದು 1972ರಲ್ಲಿ ಬರೆದ ಸರ್ಕಾರವೇ ರೈತನ ಕೈಗೆ ಕೊಡುವುದು ಚರೆಯ ಕೋವಿ. ಸದ್ದು ಮಾಡಿ ಓಡಿಸಲಿಕ್ಕೆ ಎಂದುಕೊಂಡರೆ ಅದು ಸರಿಯೇ. ಕೇಪಿನ ಕೋವಿಯ ಸದ್ದಿಗೆ ಹಂದಿ ಮೊದಲ ವಾರ ಓಡುತ್ತದೆ. ಎರಡನೇ ವಾರ ನಿಂತು ನೋಡುತ್ತದೆ. ಮೂರನೇ ವಾರ ರೈತ ನಳಿಗೆಯನ್ನು ಆಕಾಶದಿಂದ ಕೆಳಗಿಳಿಸುತ್ತಾನೆ. ನೂರು ಕಿಲೋದ ಹಂದಿ, ಭುಜದಲ್ಲಿ ಗುರಾಣಿಯಂಥ ದಪ್ಪ ಚರ್ಮ, ಕತ್ತಲೆ, ನಡುಗುವ ಕೈ, ಒದ್ದೆಯಾದ ಮದ್ದು. ಗುಂಡು ತಾಗಿದ ಹಂದಿ ಪೊದೆ ಸೇರುತ್ತದೆ. ಬೆಳಿಗ್ಗೆ ಆ ದಾರಿಯಲ್ಲಿ ನೀರಿಗೆ ಹೋದವರ ಗತಿ ದೇವರೇ ಕಾಪಾಡಬೇಕು.

ಕಾಯಿದೆಯಲ್ಲಿ ಸರಿಯಾದ ದಾರಿ ಇಲ್ಲವೆಂದಲ್ಲ. ನಿಂತ ಬೆಳೆಗೆ ಅಪಾಯ ಒಡ್ಡುವ ಪ್ರಾಣಿ ಎಂದು ತೀರ್ಮಾನಿಸಿ, ಕಾರಣ ಬರೆದು, ಕೊಲ್ಲಲು ಅನುಮತಿ ಕೊಡುವ ಅಧಿಕಾರ ಅರಣ್ಯ ಇಲಾಖೆಗೆ ಇದೆ. ಅತಿ ರಕ್ಷಿತ ಪಟ್ಟಿಯ ಪ್ರಾಣಿಗಳಿಗೆ ಅದು ಅನ್ವಯಿಸುವುದಿಲ್ಲ. ಅನುಮತಿ ಪಡೆದು ಹೊಡೆದರೂ ಸತ್ತ ಪ್ರಾಣಿ ಸರ್ಕಾರದ್ದು, ಮನೆಗೆ ತರುವಂತಿಲ್ಲ. ಮೈಮೇಲೆ ಬಿದ್ದಾಗ ಪ್ರಾಣ ಉಳಿಸಿಕೊಳ್ಳಲು ಹೊಡೆದರೆ ಅಪರಾಧವಲ್ಲ. ರಾಗಿ ಉಳಿಸಿಕೊಳ್ಳಲು ಹೊಡೆದರೆ ಆ ಮಾತು ನಡೆಯುವುದಿಲ್ಲ. ಅರ್ಜಿ ಹೋಗಿ ಆದೇಶ ಬರುವಷ್ಟರಲ್ಲಿ ಸುಗ್ಗಿ ಮುಗಿದಿರುತ್ತದೆ ಎಂಬುದು ಕಾಡಂಚಿನವರ ದೂರು. ತಾಳ್ಮೆ ಕೆಟ್ಟವನು ಕೋವಿ ಬಿಟ್ಟು ಉರುಳಿಗೆ ಕೈ ಹಾಕುತ್ತಾನೆ, ಇಲ್ಲವೇ ಸಿಡಿಮದ್ದಿನ ಉಂಡೆಗೆ. ಬೈಸಿಕಲ್ ಬ್ರೇಕಿನ ತಂತಿಗೆ ಕಾಸಿಲ್ಲ, ಲೈಸೆನ್ಸಿಲ್ಲ, ಸದ್ದಿಲ್ಲ. ಹಂದಿಗೆ ಹಾಕಿದ ಉರುಳಿಗೆ ಚಿರತೆ ಬಿದ್ದಿದೆ, ಹುಲಿ ಬಿದ್ದಿದೆ. ಹಂದಿಗೆಂದಿಟ್ಟ ಉಂಡೆ ಕಚ್ಚಿ ದವಡೆ ಹರಿದುಕೊಂಡ ದನಗಳೂ ಇವೆ. ಕೆಟ್ಟ ಕೋವಿಗಿಂತಲೂ ಕೆಟ್ಟದ್ದು ಇದು.

ಹಾಗಾದರೆ ರೈತನಿಗೆ ರೈಫಲು ಕೊಟ್ಟುಬಿಡಬೇಕೇ? ಕೂಡದು. ಇಶಾಪುರದ ಸರ್ಕಾರಿ ಕಾರ್ಖಾನೆಯ .315 ರೈಫಲು ಲೈಸೆನ್ಸುದಾರರಿಗೆ ಸಿಗುವ ಮಾಲು, ಅದರ 244 ಗ್ರೇನಿನ ಗುಂಡು ಹಂದಿಯನ್ನು ನಿಲ್ಲಿಸುತ್ತದೆ ಎನ್ನುವುದರಲ್ಲಿ ಅನುಮಾನವಿಲ್ಲ. ಆದರೆ ಚರೆ ಬೇಗನೆ ಸೋತು ಬಿದ್ದರೆ ರೈಫಲಿನ ಗುಂಡು ಮೈಲಿ ದಾಟುತ್ತದೆ. ಹೊಲದಾಚೆ ಊರಿದೆ. ಕತ್ತಲಲ್ಲಿ ಪಕ್ಕದ ಹೊಲದ ಅಟ್ಟಣೆಯಲ್ಲಿ ಕೂತವನೂ ಮನುಷ್ಯನೇ. ಬೇಕಾದದ್ದು ಪ್ರತಿ ಮನೆಗೊಂದು ರೈಫಲಲ್ಲ. ಅನುಮತಿ ಕೊಟ್ಟಾಗ ಗುರಿ ಬಲ್ಲ ಇಲಾಖೆಯ ಮನುಷ್ಯ ಸರಿಯಾದ ಕೋವಿ ಹಿಡಿದು ಸುಗ್ಗಿಗೆ ಮೊದಲೇ ಬರಬೇಕು.

ಇಲಾಖೆಯ ಸ್ವಂತ ಕೋವಿಯೂ ಈಗ ಬೇರೆ ಜಾತಿಯದು. 2019ರ ಅಕ್ಟೋಬರಿನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಚೌಡಹಳ್ಳಿ ಕಡೆ ಇಬ್ಬರನ್ನು ಕೊಂದ ಹುಲಿಯನ್ನು ಅರಿವಳಿಕೆ ಸೂಜಿ ಹೊಡೆದು ಹಿಡಿದು ಮೈಸೂರಿಗೆ ತಂದರು. 2022ರ ಡಿಸೆಂಬರಿನಲ್ಲಿ ತಿರುಮಕೂಡಲು ನರಸೀಪುರದ ಚಿರತೆಗೆ ಕಂಡಲ್ಲಿ ಗುಂಡು ಎಂಬ ಆದೇಶವೇ ಹೊರಟಿತ್ತು. ಆಗಲೂ ಊರ ಸುತ್ತ ಬೋನುಗಳು ಬಂದು ಕೂತವು. ಸೂಜಿ ಕೋವಿಗೂ ಹಳೇ ಪ್ರಶ್ನೆಯೇ. ಪ್ರಾಣಿಯ ತೂಕ ಎಷ್ಟು? ದೂರ ಎಷ್ಟು? ಕ್ಸೈಲಜೀನ್, ಕೆಟಮೀನ್ ಎಷ್ಟು ತುಂಬಬೇಕು? ಕಡಿಮೆಯಾದರೆ ಅರೆಪ್ರಜ್ಞೆಯ ಹುಲಿ ಪೊದೆಯಲ್ಲಿ, ಹೆಚ್ಚಾದರೆ ಹೆಣ. ಜಿಂಕೆಯ ವಿಷಯಕ್ಕೆ ಬಂದರೆ ಪಶುವೈದ್ಯರು ಸೂಜಿಗೂ ಹಿಂಜರಿಯುತ್ತಾರೆ. ಬೆನ್ನಟ್ಟಿದ ಗಾಬರಿಗೇ ಮೈ ಬಿಸಿಯೇರಿ, ಸ್ನಾಯು ಕೆಟ್ಟು ಸತ್ತುಹೋಗುವ ಜಾತಿ ಅದು.

ಕಾಡುಪ್ರಾಣಿಯಿಂದ ಬೆಳೆ ಹೋದವರು ಕಟಾವಿಗೆ ಮೊದಲು ಫೋಟೋ ತೆಗೆಸಿ, ಪಹಣಿ ಸಮೇತ ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಅರ್ಜಿ ಕೊಡಬೇಕು. ಇ-ಪರಿಹಾರದ ಕಂಪ್ಯೂಟರಿನಲ್ಲಿ ಅದು ದಾಖಲಾಗುತ್ತದೆ. ಕೋವಿ ಲೈಸೆನ್ಸು 2019ರ ತಿದ್ದುಪಡಿಯ ನಂತರ 5 ವರ್ಷಕ್ಕೊಮ್ಮೆ ನವೀಕರಣ, ಒಬ್ಬರಿಗೆ ಎರಡಕ್ಕಿಂತ ಹೆಚ್ಚು ಕೋವಿ ಇಲ್ಲ. ಚುನಾವಣೆ ಘೋಷಣೆಯಾದರೆ ಆ ಎರಡನ್ನೂ ಠಾಣೆಗೆ ಒಪ್ಪಿಸಲು ಕರೆ ಬರುತ್ತದೆ. ಬೆಳೆ ಕಾಯುವವರು ವಿನಾಯಿತಿ ಕೇಳಿ ಅರ್ಜಿ ಹಾಕಿಕೊಳ್ಳಬಹುದು, ಹಾಕಿದವರಿದ್ದಾರೆ. ನೀತಿ ಸಂಹಿತೆ ಹಂದಿಗೆ ಅನ್ವಯಿಸುವುದಿಲ್ಲವಲ್ಲ.